ಜೀನೋಮ್ ಅನುಕ್ರಮಣದ ಗಣಕ ಸವಾಲುಗಳು

ಜೀನೋಮ್ ಅನುಕ್ರಮಣದ ಗಣಕ ಸವಾಲುಗಳು ಎಂದರೆ ಒಂದು ಜೀವಿಯ ಸಂಪೂರ್ಣ ಡಿಎನ್‌ಎಯನ್ನು ಓದುವ ಯಂತ್ರಗಳಿಂದ ಹೊರಬರುವ ದತ್ತಾಂಶವನ್ನು ಜೋಡಿಸುವ, ಹೋಲಿಸುವ, ಸಂಗ್ರಹಿಸುವ ಹಾಗೂ ಅರ್ಥೈಸುವ ಹಂತಗಳಲ್ಲಿ ಎದುರಾಗುವ ಗಣನೆಯ ಸಮಸ್ಯೆಗಳು. ಅನುಕ್ರಮಣ ಯಂತ್ರಗಳು ಜೀನೋಮನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಪಠ್ಯವಾಗಿ ಓದಿ ಕೊಡುವುದಿಲ್ಲ. ಅವು ಕೊಡುವುದು ಕೋಟ್ಯಂತರ ಚಿಕ್ಕ ತುಣುಕುಗಳನ್ನು; ಆ ತುಣುಕುಗಳ ನಡುವೆ ತಪ್ಪುಗಳೂ ಇರುತ್ತವೆ. ತುಣುಕುಗಳಿಂದ ಮೂಲ ಪಠ್ಯವನ್ನು ಮರಳಿ ಕಟ್ಟುವ ಕೆಲಸ ಪೂರ್ತಿಯಾಗಿ ಗಣಕಯಂತ್ರದ ಪಾಲಿನದು. 2008ರ ನಂತರ ಅನುಕ್ರಮಣದ ವೆಚ್ಚವು ಗಣಕಯಂತ್ರಗಳ ಸಾಮರ್ಥ್ಯ ಬೆಳೆದ ವೇಗವನ್ನೂ ಮೀರಿ ಕುಸಿಯಿತು. ಇದರಿಂದ ಪ್ರಯೋಗಾಲಯದಲ್ಲಿದ್ದ ಅಡಚಣೆ ಗಣಕ ಕೇಂದ್ರಕ್ಕೆ ವರ್ಗಾವಣೆಯಾಯಿತು. ಕರ್ನಾಟಕದಲ್ಲಿ ರಾಗಿ, ಬೇವು ಮತ್ತು ತುಳಸಿಯ ಜೀನೋಮ್ ಯೋಜನೆಗಳು ಹಾಗೂ ಬೆಂಗಳೂರಿನಿಂದ ಸಂಯೋಜಿತವಾದ ಜೀನೋಮ್‌ಇಂಡಿಯಾ ಯೋಜನೆ ಈ ಸವಾಲುಗಳನ್ನು ಬೇರೆ ಬೇರೆ ರೂಪಗಳಲ್ಲಿ ಎದುರಿಸಿವೆ.

ಹಿನ್ನೆಲೆ

ಮಾನವ ಜೀನೋಮ್ ಯೋಜನೆ 1990ರಲ್ಲಿ ಆರಂಭವಾಗಿ 2003ರಲ್ಲಿ ಮುಗಿಯಿತು. 2000ದ ಜೂನ್‌ನಲ್ಲಿ ಮೊದಲ ಕರಡನ್ನು ಪ್ರಕಟಿಸುವ ಹೊತ್ತಿಗೆ ಸಾರ್ವಜನಿಕ ಯೋಜನೆಯ ಬಳಿ ತುಣುಕುಗಳಿದ್ದವು, ಅವುಗಳನ್ನು ಜೋಡಿಸುವ ತಂತ್ರಾಂಶ ಇರಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕೇಂದ್ರದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಜಿಮ್ ಕೆಂಟ್ ನಾಲ್ಕು ವಾರಗಳಲ್ಲಿ 'ಗಿಗ್‌ಅಸೆಂಬ್ಲರ್' ಎಂಬ ತಂತ್ರಾಂಶವನ್ನು ಬರೆದು, ನೂರು ಪೆಂಟಿಯಂ ಗಣಕಗಳ ಸಮೂಹದಲ್ಲಿ ಅದನ್ನು ಓಡಿಸಿ ಕರಡನ್ನು ಸಿದ್ಧಪಡಿಸಿದರು. ಜೀವವಿಜ್ಞಾನದ ಅತ್ಯಂತ ದೊಡ್ಡ ಯೋಜನೆಯ ಫಲಿತಾಂಶ ಕೊನೆಗೆ ಒಂದು ತಂತ್ರಾಂಶಕ್ಕಾಗಿ ಕಾದು ನಿಂತದ್ದು ಈ ಕ್ಷೇತ್ರದ ಸ್ವರೂಪವನ್ನು ಆಗಲೇ ತೋರಿಸಿತ್ತು. ಅದೇ ಕಾಲದಲ್ಲಿ ಖಾಸಗಿ ಕಂಪನಿ ಸೆಲೆರಾ, ಜೀನ್ ಮೈಯರ್ಸ್ ಮತ್ತು ಸಂಗಡಿಗರು ರೂಪಿಸಿದ ಮತ್ತೊಂದು ಜೋಡಣೆ ತಂತ್ರಾಂಶವನ್ನು ಬಳಸಿತು.

2005ರ ನಂತರ ಬಂದ ಹೊಸ ಪೀಳಿಗೆಯ ಯಂತ್ರಗಳು ಒಂದೇ ಬಾರಿಗೆ ಕೋಟಿಗಟ್ಟಲೆ ತುಣುಕುಗಳನ್ನು ಓದತೊಡಗಿದವು. ವೆಚ್ಚ ಇಳಿಯಿತು, ಆದರೆ ತುಣುಕಿನ ಉದ್ದವೂ ಇಳಿಯಿತು. ಹಳೆಯ ವಿಧಾನದಲ್ಲಿ ಒಂದು ತುಣುಕು 500ರಿಂದ 1,000 ಅಕ್ಷರಗಳಷ್ಟಿದ್ದರೆ ಹೊಸ ವಿಧಾನದಲ್ಲಿ ಅದು ಮೊದಲು 35ರ ಆಸುಪಾಸು, ನಂತರ 100, 150 ಅಕ್ಷರಗಳಷ್ಟಾಯಿತು. ಇಲ್ಲಿ 'ಅಕ್ಷರ' ಎಂದರೆ ಡಿಎನ್‌ಎಯ ಎ, ಸಿ, ಜಿ, ಟಿ ಎಂಬ ನಾಲ್ಕು ಪ್ರತ್ಯಾಮ್ಲಗಳಲ್ಲಿ ಒಂದು.

ದತ್ತಾಂಶದ ಪ್ರಮಾಣ

ಮಾನವ ಜೀನೋಮ್ ಸುಮಾರು 310 ಕೋಟಿ ಅಕ್ಷರಗಳ ಪಠ್ಯ. ನಾಲ್ಕೇ ಅಕ್ಷರಗಳಿರುವುದರಿಂದ ಒಂದೊಂದಕ್ಕೆ ಎರಡು ಬಿಟ್ ಸಾಕು. ಹಾಗೆ ಬರೆದರೆ ಇಡೀ ಜೀನೋಮ್ 775 ಮೆಗಾಬೈಟ್‌ಗಳಲ್ಲಿ, ಅಂದರೆ ಹೆಚ್ಚುಕಡಿಮೆ ಒಂದು ಸಿ.ಡಿ.ಯ ಅಳತೆಯಲ್ಲಿ ಕೂರುತ್ತದೆ. ಆದರೆ ಯಂತ್ರದಿಂದ ಹೊರಬರುವ ಕಚ್ಚಾ ದತ್ತಾಂಶ ಇದರ ನೂರಾರು ಪಟ್ಟು ದೊಡ್ಡದು. ಓದುವಾಗ ಆಗುವ ತಪ್ಪುಗಳನ್ನು ಗುರುತಿಸಲು ಪ್ರತಿ ಸ್ಥಾನವನ್ನೂ ಸರಾಸರಿ 30 ಬಾರಿ ಓದುವುದು ವಾಡಿಕೆ. ಆಗ ಒಟ್ಟು 9,300 ಕೋಟಿ ಅಕ್ಷರಗಳು, ಅಂದರೆ 150 ಅಕ್ಷರಗಳ ಸುಮಾರು 62 ಕೋಟಿ ತುಣುಕುಗಳು ಸಿಗುತ್ತವೆ. ಪ್ರತಿ ಅಕ್ಷರದ ಜೊತೆಗೆ ಅದು ಎಷ್ಟು ನಂಬಲರ್ಹ ಎಂದು ಹೇಳುವ ಗುಣಾಂಕವೂ ಇರುತ್ತದೆ. ಅಕ್ಷರಕ್ಕೊಂದು, ಗುಣಾಂಕಕ್ಕೊಂದು ಬೈಟ್ ಎಂದು ಲೆಕ್ಕ ಹಿಡಿದರೂ ಒಬ್ಬ ವ್ಯಕ್ತಿಯ ದತ್ತಾಂಶ 186 ಗಿಗಾಬೈಟ್ ಆಗುತ್ತದೆ.

ಸಂಕುಚನದಿಂದ ಈ ಪ್ರಮಾಣವನ್ನು ಇಳಿಸಬಹುದು. ಕುತೂಹಲದ ಸಂಗತಿಯೆಂದರೆ ಅಕ್ಷರಗಳನ್ನು ಸಂಕುಚಿಸುವುದು ಸುಲಭ, ಗುಣಾಂಕಗಳನ್ನು ಸಂಕುಚಿಸುವುದು ಕಷ್ಟ. ಮೂವತ್ತು ಬಾರಿ ಓದಿದ ಅಕ್ಷರಗಳು ಒಂದನ್ನೊಂದು ಹೋಲುತ್ತವೆ, ಗುಣಾಂಕಗಳು ಹಾಗಲ್ಲ. 'ಕ್ರ್ಯಾಮ್' ಎಂಬ ಕಡತ ರೂಪವು ತುಣುಕನ್ನು ಪೂರ್ತಿ ಬರೆಯದೆ, ಆಕರ ಜೀನೋಮಿಗಿಂತ ಅದು ಎಲ್ಲಿ ಭಿನ್ನವಾಗಿದೆ ಎಂಬುದನ್ನಷ್ಟೇ ದಾಖಲಿಸುತ್ತದೆ. ಇತ್ತೀಚಿನ ಯಂತ್ರಗಳು ಗುಣಾಂಕಗಳನ್ನು ಕೆಲವೇ ಮಟ್ಟಗಳಿಗೆ ಇಳಿಸಿ ಬರೆಯುವುದಕ್ಕೂ ಸಂಗ್ರಹಣೆಯ ಒತ್ತಡವೇ ಕಾರಣ.

ಆಕರ ಜೀನೋಮಿಗೆ ಹೊಂದಿಸುವಿಕೆ

ಒಂದು ಪ್ರಭೇದದ ಜೀನೋಮ್ ಈಗಾಗಲೇ ಸಿದ್ಧವಿದ್ದರೆ ಅದನ್ನು ಆಕರ ಜೀನೋಮ್ ಎನ್ನುತ್ತಾರೆ. ಹೊಸ ವ್ಯಕ್ತಿಯ ತುಣುಕುಗಳು ಆ ಆಕರದ ಯಾವ ಜಾಗಕ್ಕೆ ಸೇರಿದವು ಎಂದು ಹುಡುಕುವುದೇ ಹೊಂದಿಸುವಿಕೆ. ಎರಡು ಅನುಕ್ರಮಗಳನ್ನು ಖಚಿತವಾಗಿ ಹೋಲಿಸುವ ಕ್ರಮಾವಳಿಗಳು, ಅಂದರೆ ಅಲ್ಗಾರಿದಮ್‌ಗಳು, ಬಹಳ ಹಿಂದೆಯೇ ಸಿದ್ಧವಾಗಿದ್ದವು: 1970ರ ನೀಡಲ್‌ಮನ್–ವುನ್ಶ್ ಮತ್ತು 1981ರ ಸ್ಮಿತ್–ವಾಟರ್‌ಮನ್. ಇವು ಒಂದು ಅನುಕ್ರಮವನ್ನು ಅಡ್ಡಸಾಲಿನಲ್ಲೂ ಇನ್ನೊಂದನ್ನು ಕಂಬಸಾಲಿನಲ್ಲೂ ಇಟ್ಟು ನಡುವಿನ ಪ್ರತಿ ಚೌಕವನ್ನೂ ತುಂಬುತ್ತವೆ. 150 ಅಕ್ಷರಗಳ ಒಂದು ತುಣುಕನ್ನು ಇಡೀ ಮಾನವ ಜೀನೋಮಿನೊಡನೆ ಹೀಗೆ ಹೋಲಿಸಲು 46,500 ಕೋಟಿ ಚೌಕಗಳನ್ನು ತುಂಬಬೇಕು. 62 ಕೋಟಿ ತುಣುಕುಗಳಿಗೆ ಅದು 29ರ ಮುಂದೆ 19 ಸೊನ್ನೆ ಬರೆದಷ್ಟಾಗುತ್ತದೆ. ಸೆಕೆಂಡಿಗೆ ಹತ್ತು ಸಾವಿರ ಕೋಟಿ ಚೌಕ ತುಂಬುವ ಗಣಕವಿದ್ದರೂ ಒಬ್ಬ ವ್ಯಕ್ತಿಯ ಲೆಕ್ಕ ಮುಗಿಯಲು ತೊಂಬತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು.

ಆದ್ದರಿಂದ ಬಳಕೆಯಲ್ಲಿರುವ ತಂತ್ರಾಂಶಗಳೆಲ್ಲ ಮೊದಲು ಸೂಚಿಯೊಂದನ್ನು ಕಟ್ಟಿಕೊಳ್ಳುತ್ತವೆ. ಪುಸ್ತಕದ ಕೊನೆಯ ಪದಸೂಚಿಯಿಂದ ಪುಟ ಹುಡುಕುವ ಹಾಗೆ, ತುಣುಕಿನ ಒಂದು ಭಾಗವನ್ನು ಸೂಚಿಯಲ್ಲಿ ಹುಡುಕಿ, ಸಿಕ್ಕ ಕೆಲವೇ ಜಾಗಗಳಲ್ಲಿ ಮಾತ್ರ ಚೌಕಗಳ ಲೆಕ್ಕ ಮಾಡುತ್ತವೆ. ಮೂಲತಃ ಕಡತ ಸಂಕುಚನಕ್ಕಾಗಿ 1994ರಲ್ಲಿ ಪ್ರಕಟವಾದ ಬರೋಸ್–ವೀಲರ್ ಪರಿವರ್ತನೆ ಮತ್ತು ಅದರ ಮೇಲೆ 2000ದಲ್ಲಿ ಫೆರಾಜಿನಾ ಹಾಗೂ ಮಾಂಜೀನಿ ಕಟ್ಟಿದ 'ಎಫ್‌ಎಂ ಸೂಚಿ' ಇಲ್ಲಿ ಬಹಳ ಉಪಯೋಗಕ್ಕೆ ಬಂದವು. 2009ರಲ್ಲಿ ಬಂದ 'ಬೋಟೈ' ಮತ್ತು 'ಬಿಡಬ್ಲ್ಯೂಎ' ತಂತ್ರಾಂಶಗಳು ಇದನ್ನು ಬಳಸಿ, ಇಡೀ ಮಾನವ ಜೀನೋಮಿನ ಸೂಚಿಯನ್ನು ಕೆಲವೇ ಗಿಗಾಬೈಟ್ ಮೆಮೊರಿಯಲ್ಲಿ ಹಿಡಿಸಿದವು.

ಸೂಚಿಯಿಂದ ಬಗೆಹರಿಯದ ಸಮಸ್ಯೆ ಪುನರಾವೃತ್ತಿ. ಮಾನವ ಜೀನೋಮಿನ ಸುಮಾರು ಅರ್ಧಭಾಗ ಮತ್ತೆ ಮತ್ತೆ ಬರುವ ಅನುಕ್ರಮಗಳಿಂದ ತುಂಬಿದೆ. ಇದನ್ನು ವಚನ ಸಾಹಿತ್ಯದ ಉದಾಹರಣೆಯಿಂದ ತಿಳಿಯಬಹುದು. ಬಸವಣ್ಣನವರ ವಚನಗಳ ತಾಳೆಗರಿಗಳು ಚೂರುಚೂರಾಗಿ ಬೆರೆತುಹೋಗಿವೆ ಎಂದು ಭಾವಿಸೋಣ. ಅಪರೂಪದ ಪದವಿರುವ ಚೂರು ಯಾವ ವಚನದ್ದೆಂದು ಹೇಳಬಹುದು. 'ಕೂಡಲಸಂಗಮದೇವ' ಎಂಬ ಅಂಕಿತವಷ್ಟೇ ಇರುವ ಚೂರು ನೂರಾರು ವಚನಗಳಲ್ಲಿ ಎಲ್ಲಿಯದಾದರೂ ಆಗಬಹುದು. ಆ ಚೂರಿನಲ್ಲಿ ಅಂಕಿತದ ಹಿಂದಿನ ಒಂದು ಸಾಲೂ ಉಳಿದಿದ್ದರೆ ಸಮಸ್ಯೆ ಬಗೆಹರಿಯುತ್ತದೆ. ದೀರ್ಘ ತುಣುಕುಗಳನ್ನು ಓದುವ ಯಂತ್ರಗಳ ಮಹತ್ವ ಇರುವುದು ಇಲ್ಲಿಯೇ. ಪ್ಯಾಕ್‌ಬಯೋ ಮತ್ತು ಆಕ್ಸ್‌ಫರ್ಡ್ ನ್ಯಾನೋಪೋರ್ ಕಂಪನಿಗಳ ಯಂತ್ರಗಳು ಹತ್ತಾರು ಸಾವಿರ ಅಕ್ಷರಗಳ ತುಣುಕುಗಳನ್ನು ಓದುತ್ತವೆ. ಆರಂಭದಲ್ಲಿ ಅವುಗಳ ತಪ್ಪಿನ ಪ್ರಮಾಣ ನೂರಕ್ಕೆ ಹತ್ತನ್ನೂ ಮೀರಿತ್ತು. 2019ರ ನಂತರ ನೂರಕ್ಕೆ 99ಕ್ಕಿಂತ ಹೆಚ್ಚು ನಿಖರವಾದ ದೀರ್ಘ ತುಣುಕುಗಳು ದೊರೆಯತೊಡಗಿದವು. ಇವುಗಳನ್ನು ಪುನರಾವೃತ್ತಿಗಳಿರುವ ಜಾಗಗಳಿಗೆ ಸರಿಯಾಗಿ ಹೊಂದಿಸಲು 'ವಿನ್ನೋಮ್ಯಾಪ್' ಎಂಬ ತಂತ್ರಾಂಶವಿದೆ; ಅದರ ಪ್ರಮುಖ ರಚನಕಾರ ಚಿರಾಗ್ ಜೈನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ಬಗೆಯ ಕ್ರಮಾವಳಿಗಳ ಸಂಶೋಧನೆ ಮುಂದುವರಿಸಿದರು.

ಹೊಸದಾಗಿ ಜೋಡಿಸುವಿಕೆ

ಆಕರ ಜೀನೋಮ್ ಇಲ್ಲದ ಜೀವಿಯಲ್ಲಿ ತುಣುಕುಗಳನ್ನು ಒಂದಕ್ಕೊಂದು ಹೋಲಿಸಿಯೇ ಮೂಲವನ್ನು ಕಟ್ಟಬೇಕು. 62 ಕೋಟಿ ತುಣುಕುಗಳನ್ನು ಜೋಡಿ ಜೋಡಿಯಾಗಿ ಹೋಲಿಸುವುದು ಅಸಾಧ್ಯ. 2001ರಲ್ಲಿ ಪೆವ್ಜ್ನರ್ ಮತ್ತು ಸಂಗಡಿಗರು ಜನಪ್ರಿಯಗೊಳಿಸಿದ ಡಿ ಬ್ರೂಯಿನ್ ಗ್ರಾಫ್ ವಿಧಾನ ಈ ಹೋಲಿಕೆಯನ್ನೇ ತಪ್ಪಿಸುತ್ತದೆ. ಪ್ರತಿ ತುಣುಕನ್ನೂ ನಿಗದಿತ ಉದ್ದದ, ಉದಾಹರಣೆಗೆ 31 ಅಕ್ಷರಗಳ, ಪದಗಳಾಗಿ ಒಡೆದು, ಒಂದು ಪದದ ಕೊನೆಯ 30 ಅಕ್ಷರಗಳು ಮತ್ತೊಂದರ ಮೊದಲ 30 ಅಕ್ಷರಗಳಾಗಿದ್ದರೆ ಅವೆರಡನ್ನೂ ಗೆರೆಯಿಂದ ಸೇರಿಸಲಾಗುತ್ತದೆ. ಜೀನೋಮ್ ಎಂದರೆ ಈ ಜಾಲದ ಮೂಲಕ ಹಾದುಹೋಗುವ ಒಂದು ದಾರಿ.

ಈ ವಿಧಾನಕ್ಕೆ ದೊಡ್ಡ ತೊಡಕು ಮೆಮೊರಿ. ಓದಿನಲ್ಲಿ ಸಾವಿರಕ್ಕೆ ಒಂದು ತಪ್ಪಿದ್ದರೆ 9,300 ಕೋಟಿ ಅಕ್ಷರಗಳಲ್ಲಿ 9.3 ಕೋಟಿ ತಪ್ಪುಗಳಿರುತ್ತವೆ. ಒಂದು ತಪ್ಪು ಅಕ್ಷರ 31 ಪದಗಳವರೆಗೆ ಕೆಡಿಸಬಲ್ಲದು. ಹೀಗಾಗಿ ಸುಮಾರು 290 ಕೋಟಿ ಸುಳ್ಳು ಪದಗಳು ಹುಟ್ಟಬಹುದು. ಜೀನೋಮಿನಲ್ಲಿ ನಿಜವಾಗಿ ಇರುವ ಪದಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಸಾವಿರಕ್ಕೊಂದೇ ತಪ್ಪಾದರೂ ಗಣಕದ ಮೆಮೊರಿಯ ಅರ್ಧದಷ್ಟನ್ನು ಇಲ್ಲದ ಜೀನೋಮ್ ಆಕ್ರಮಿಸುತ್ತದೆ. ಒಂದೇ ಬಾರಿ ಕಾಣಿಸಿಕೊಂಡ ಪದಗಳನ್ನು ಸಂಶಯಾಸ್ಪದವೆಂದು ಕೈಬಿಡುವುದು, ಪದಗಳ ಪಟ್ಟಿಯನ್ನು 'ಬ್ಲೂಮ್ ಫಿಲ್ಟರ್' ಎಂಬ ಅಂದಾಜು ರಚನೆಯಲ್ಲಿ ಇಡುವುದು ಮುಂತಾದ ಉಪಾಯಗಳಿಂದ ಈ ಹೊರೆಯನ್ನು ಇಳಿಸಲಾಗಿದೆ.

ರಾಗಿಯ ಜೀನೋಮ್

ಜೋಡಣೆಯ ಕಷ್ಟಗಳನ್ನು ತಿಳಿಯಲು ಕನ್ನಡಿಗರಿಗೆ ರಾಗಿಗಿಂತ ಹತ್ತಿರದ ಉದಾಹರಣೆ ಇಲ್ಲ. ರಾಗಿ ಒಂದು ಚತುರ್ಗುಣಿತ ಸಸ್ಯ. ಅದರ ಜೀವಕೋಶದಲ್ಲಿ 36 ವರ್ಣತಂತುಗಳಿವೆ, ಮತ್ತು ಅವು ಹಿಂದೆಂದೋ ಸಂಕರಗೊಂಡ ಎರಡು ಬೇರೆ ಕಾಡುಹುಲ್ಲುಗಳಿಂದ ಬಂದವು. ಈ ಎರಡು ಪಾಲುಗಳನ್ನು 'ಎ' ಮತ್ತು 'ಬಿ' ಉಪಜೀನೋಮ್‌ಗಳೆಂದು ಕರೆಯುತ್ತಾರೆ. ಎರಡೂ ಪಾಲುಗಳಲ್ಲಿ ಒಂದೇ ಜೀನಿನ ತುಸು ಭಿನ್ನ ರೂಪಗಳಿರುತ್ತವೆ. ಗಣಕದ ದೃಷ್ಟಿಯಿಂದ ಇದು ಒಂದೇ ಕಾವ್ಯದ ಎರಡು ಪಾಠಾಂತರಗಳನ್ನು ಹರಿದು ಬೆರೆಸಿಟ್ಟಂತೆ. ಎರಡು ತುಣುಕುಗಳಲ್ಲಿ ಒಂದು ಅಕ್ಷರದ ವ್ಯತ್ಯಾಸ ಕಂಡಾಗ ಅದು ಯಂತ್ರದ ತಪ್ಪೋ, ತಂದೆತಾಯಿಗಳಿಂದ ಬಂದ ಎರಡು ಪ್ರತಿಗಳ ನಡುವಿನ ಭೇದವೋ, ಎರಡು ಉಪಜೀನೋಮ್‌ಗಳ ನಡುವಿನ ಭೇದವೋ ಎಂಬುದನ್ನು ತಂತ್ರಾಂಶ ನಿರ್ಧರಿಸಬೇಕಾಗುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ಬರ ಸಹಿಷ್ಣು ತಳಿಯಾದ ಎಂಎಲ್–365ರ ಕರಡು ಜೀನೋಮನ್ನು 2017ರಲ್ಲಿ ಪ್ರಕಟಿಸಿದರು. ಚಿಕ್ಕ ತುಣುಕುಗಳನ್ನು ಓದುವ ಯಂತ್ರಗಳಿಂದ ಪಡೆದ ಈ ಕರಡಿನಲ್ಲಿ 119.6 ಕೋಟಿ ಅಕ್ಷರಗಳು ಜೋಡಣೆಯಾದವು. ಅದು ರಾಗಿಯ ಅಂದಾಜು ಜೀನೋಮಿನ ಸುಮಾರು 82 ಶೇಕಡಾ. ಅದರಲ್ಲಿ 85,243 ಜೀನ್‌ಗಳನ್ನು ಗುರುತಿಸಲಾಯಿತು. ಆದರೆ ಜೋಡಣೆ 5,25,759 ಪ್ರತ್ಯೇಕ ಭಾಗಗಳಾಗಿ ಉಳಿಯಿತು. ಜೋಡಣೆಯ ಗುಣಮಟ್ಟವನ್ನು ಅಳೆಯಲು 'ಎನ್50' ಎಂಬ ಮಾನವಿದೆ: ಒಟ್ಟು ಉದ್ದದ ಅರ್ಧಭಾಗವು ಎಷ್ಟು ಉದ್ದದ ಅಥವಾ ಅದಕ್ಕಿಂತ ದೊಡ್ಡ ಭಾಗಗಳಲ್ಲಿದೆ ಎಂಬುದನ್ನು ಅದು ಹೇಳುತ್ತದೆ. ಈ ಕರಡಿನಲ್ಲಿ ಅದು ಸುಮಾರು 23,700 ಅಕ್ಷರ. ಜೀನ್‌ಗಳ ಪಟ್ಟಿ ಮಾಡಲು, ಬರ ಸಹಿಷ್ಣುತೆಗೆ ಸಂಬಂಧಿಸಿದ ಜೀನ್‌ಗಳನ್ನು ಹುಡುಕಲು ಇದು ಸಾಕಾಗುತ್ತದೆ. ಒಂದು ಜೀನ್ ಯಾವ ವರ್ಣತಂತುವಿನ ಯಾವ ಭಾಗದಲ್ಲಿದೆ, ಅದರ ಪಕ್ಕದಲ್ಲಿ ಏನಿದೆ ಎಂದು ತಳಿ ಅಭಿವೃದ್ಧಿಪಡಿಸುವವರು ಕೇಳಿದರೆ ಇದು ಸಾಲದು.

2018ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯ ಮತ್ತು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಸಂಶೋಧಕರನ್ನು ಒಳಗೊಂಡ ಮತ್ತೊಂದು ತಂಡ ಪಿಆರ್–202 ತಳಿಯನ್ನು ಆರಿಸಿಕೊಂಡಿತು. ಅವರು ಚಿಕ್ಕ ತುಣುಕು, ದೀರ್ಘ ತುಣುಕು ಮತ್ತು ದೃಗ್ ನಕ್ಷೆ ಎಂಬ ಮೂರು ಬಗೆಯ ದತ್ತಾಂಶವನ್ನು ಹಂತಹಂತವಾಗಿ ಬೆಸೆದರು. ದೃಗ್ ನಕ್ಷೆಯಲ್ಲಿ ಅಕ್ಷರಗಳು ಸಿಗುವುದಿಲ್ಲ. ಬಹಳ ಉದ್ದದ ಡಿಎನ್‌ಎ ಎಳೆಯ ಮೇಲೆ ಅಲ್ಲಲ್ಲಿ ಹೊಳೆಯುವ ಗುರುತುಗಳಷ್ಟೇ ಕಾಣುತ್ತವೆ; ಹೆದ್ದಾರಿಯ ಮೈಲಿಗಲ್ಲುಗಳ ಹಾಗೆ ಅವು ಜೋಡಿಸಿದ ಭಾಗಗಳ ಕ್ರಮ ಹಾಗೂ ದೂರವನ್ನು ತಿಳಿಸುತ್ತವೆ. ಫಲಿತಾಂಶ 1,897 ಭಾಗಗಳು, ಎನ್50 26 ಲಕ್ಷ ಅಕ್ಷರಗಳಿಗೂ ಹೆಚ್ಚು. ಎಲ್ಲ ಸಸ್ಯಗಳಲ್ಲೂ ಇರಬೇಕಾದ ಮೂಲಭೂತ ಜೀನ್‌ಗಳಲ್ಲಿ 96 ಶೇಕಡಾ ಅದರಲ್ಲಿ ಸಿಕ್ಕವು, ಮತ್ತು ಎ–ಬಿ ಜೋಡಿಗಳಲ್ಲಿ ಹೆಚ್ಚಿನವು ಬೇರೆಬೇರೆಯಾಗಿ ಜೋಡಣೆಯಾದವು. ಹದಿನೆಂಟು ವರ್ಣತಂತುಗಳ ಮಟ್ಟದಲ್ಲಿ ಸಿದ್ಧವಾದ ಜೀನೋಮ್ 2023ರಲ್ಲಿ ಪ್ರಕಟವಾಯಿತು. ಅದರ ತಳಿ ಪೂರ್ವ ಆಫ್ರಿಕಾದ್ದು. ಒಂದೇ ವರ್ಷದ ಅಂತರದಲ್ಲಿ ಭಾಗಗಳ ಸಂಖ್ಯೆ ಐದು ಲಕ್ಷದಿಂದ ಎರಡು ಸಾವಿರಕ್ಕೂ ಕೆಳಗೆ ಇಳಿದದ್ದರಲ್ಲಿ ಯಂತ್ರಗಳ ಪಾಲು ಎಷ್ಟೋ, ಬೇರೆಬೇರೆ ದತ್ತಾಂಶಗಳನ್ನು ಯಾವ ಕ್ರಮದಲ್ಲಿ ಬೆಸೆಯಬೇಕೆಂದು ಕಂಡುಕೊಂಡ ಗಣಕ ವಿಧಾನದ ಪಾಲೂ ಅಷ್ಟೇ ಇದೆ.

ಉತ್ತರ ಕರ್ನಾಟಕದ ಬೆಳೆಗಳು

ಮಲಪ್ರಭೆಯ ಬಯಲಿನಲ್ಲಿ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ತಾಲ್ಲೂಕುಗಳ ಹೊಲಗಳಲ್ಲಿ ಅಕ್ಕಪಕ್ಕದಲ್ಲೇ ಬೆಳೆಯುವ ಬೆಳೆಗಳು ಗಣಕಕ್ಕೆ ಒಡ್ಡುವ ಸಮಸ್ಯೆ ಒಂದೇ ಬಗೆಯದಲ್ಲ. ಜೋಳ ಮತ್ತು ಕಡಲೆ ದ್ವಿಗುಣಿತ ಸಸ್ಯಗಳು. ಎರಡರ ಜೀನೋಮೂ ಸುಮಾರು 73–74 ಕೋಟಿ ಅಕ್ಷರಗಳಷ್ಟು. ಜೋಳದ ಜೀನೋಮ್ 2009ರಲ್ಲಿ, ಕಡಲೆಯದು 2013ರಲ್ಲಿ ಪ್ರಕಟವಾದವು. ಹತ್ತಿಯಲ್ಲಿ ಎರಡು ಬಗೆ. ಧಾರವಾಡ ಭಾಗದ ಹಳೆಯ ಜಯಧರ ಹತ್ತಿ ದ್ವಿಗುಣಿತ, ಇಂದು ಹೆಚ್ಚಾಗಿ ಬಿತ್ತುವ ಅಮೆರಿಕನ್ ಮೂಲದ ಹತ್ತಿ ರಾಗಿಯಂತೆ ಚತುರ್ಗುಣಿತ. ಇವೆಲ್ಲಕ್ಕಿಂತ ಕಠಿಣವಾದದ್ದು ಗೋಧಿ. ಚಪಾತಿಗೆ ಬಳಸುವ ಸಾಮಾನ್ಯ ಗೋಧಿ ಷಡ್ಗುಣಿತ. ಮೂರು ಉಪಜೀನೋಮ್‌ಗಳು ಸೇರಿ ಸುಮಾರು 1,600 ಕೋಟಿ ಅಕ್ಷರ, ಅಂದರೆ ಮಾನವ ಜೀನೋಮಿನ ಐದು ಪಟ್ಟು, ಅದರಲ್ಲೂ ನೂರಕ್ಕೆ 85ರಷ್ಟು ಪುನರಾವೃತ್ತಿ. ಅದರ ಆಕರ ಜೀನೋಮ್ 2018ರವರೆಗೆ ಸಿದ್ಧವಾಗಲಿಲ್ಲ. ಈ ಭಾಗದಲ್ಲಿ ಸದಕ, ಖಪ್ಲಿ ಎಂದು ಕರೆಯುವ ಗೋಧಿಯಲ್ಲಿ ಎರಡು ಉಪಜೀನೋಮ್‌ಗಳಿವೆ. ಡಿಡಿಕೆ ಹೆಸರಿನ ಅದರ ತಳಿಗಳು ಧಾರವಾಡ ಕೃಷಿ ವಿಶ್ವವಿದ್ಯಾಲಯದಿಂದ ಬಂದವು.

ಗಿಡದ ಗಾತ್ರಕ್ಕೂ ಜೀನೋಮಿನ ಗಾತ್ರಕ್ಕೂ ಸಂಬಂಧವಿಲ್ಲ. ಬೆಂಗಳೂರಿನ ಗಣಿತ್ ಲ್ಯಾಬ್ಸ್ 2012ರಲ್ಲಿ ಪ್ರಕಟಿಸಿದ ಬೇವಿನ ಮರದ ಜೀನೋಮಾಗಲಿ, ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ತಂಡ 2015ರಲ್ಲಿ ಪ್ರಕಟಿಸಿದ ತುಳಸಿಯ ಜೀನೋಮಾಗಲಿ ಗೋಧಿಯ ಸಣ್ಣ ಭಾಗದಷ್ಟೂ ಇಲ್ಲ.

ವ್ಯತ್ಯಾಸಗಳ ಪತ್ತೆ ಮತ್ತು ಆಕರದ ಪಕ್ಷಪಾತ

ಒಬ್ಬ ವ್ಯಕ್ತಿಯ ಜೀನೋಮ್ ಆಕರ ಜೀನೋಮಿಗಿಂತ ಸುಮಾರು 40ರಿಂದ 50 ಲಕ್ಷ ಸ್ಥಾನಗಳಲ್ಲಿ ಭಿನ್ನವಾಗಿರುತ್ತದೆ. ವೈದ್ಯಕೀಯವಾಗಿ ಮಹತ್ವದ ಒಂದೆರಡು ವ್ಯತ್ಯಾಸಗಳನ್ನು ಇವುಗಳ ನಡುವಿನಿಂದ ಹೆಕ್ಕಬೇಕು. ಅದಕ್ಕೂ ಮೊದಲು ನಿಜವಾದ ವ್ಯತ್ಯಾಸವನ್ನು ಓದಿನ ತಪ್ಪಿನಿಂದ ಬೇರ್ಪಡಿಸಬೇಕು. 2010ರಿಂದ ಬಳಕೆಯಲ್ಲಿರುವ 'ಜಿಎಟಿಕೆ' ಸಂಭವನೀಯತೆಯ ಲೆಕ್ಕವನ್ನು ಅವಲಂಬಿಸುತ್ತದೆ. 2018ರಲ್ಲಿ ಬಂದ ಗೂಗಲ್‌ನ 'ಡೀಪ್‌ವೇರಿಯಂಟ್' ತುಣುಕುಗಳ ರಾಶಿಯನ್ನು ಚಿತ್ರದಂತೆ ನೋಡಿ ನಿರ್ಧರಿಸುವ ನರಜಾಲವನ್ನು ಬಳಸುತ್ತದೆ.

ಒಂದು ಅಕ್ಷರ ಬದಲಾದದ್ದನ್ನು ಈ ತಂತ್ರಾಂಶಗಳು ಚೆನ್ನಾಗಿ ಗುರುತಿಸುತ್ತವೆ. ಹತ್ತಾರು ಅಕ್ಷರಗಳು ಕಾಣೆಯಾದಾಗ ಅಥವಾ ಹೊಸದಾಗಿ ಸೇರಿದಾಗ ತುಣುಕು ಆಕರಕ್ಕೆ ಸರಿಯಾಗಿ ಹೊಂದದೆ ತಪ್ಪು ಜಾಗಕ್ಕೆ ಹೋಗುವ ಅಥವಾ ತ್ಯಾಜ್ಯವಾಗುವ ಸಂಭವ ಹೆಚ್ಚು. ಭಾರತದ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಹೃದಯದ ಸ್ನಾಯುವಿಗೆ ಸಂಬಂಧಿಸಿದ 'ಎಂವೈಬಿಪಿಸಿ3' ಜೀನಿನಲ್ಲಿ 25 ಅಕ್ಷರಗಳು ಕಾಣೆಯಾಗಿರುವ ರೂಪವನ್ನು ಭಾರತ ಉಪಖಂಡದ ಸುಮಾರು ನೂರಕ್ಕೆ ನಾಲ್ವರು ಹೊತ್ತಿದ್ದಾರೆಂದೂ ಅದು ಹೃದಯ ವೈಫಲ್ಯದ ಅಪಾಯವನ್ನು ಹೆಚ್ಚಿಸುತ್ತದೆಂದೂ 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಯುರೋಪಿನ ಜನರಲ್ಲಿ ಇದು ಬಹುತೇಕ ಇಲ್ಲ. ಅಲ್ಲಿಯವರ ಮಾದರಿಗಳನ್ನಷ್ಟೇ ನೋಡಿದ ದತ್ತಸಂಚಯಕ್ಕೆ ಇದರ ಪರಿಚಯವೇ ಇರುವುದಿಲ್ಲ.

ಬಹುಕಾಲ ಬಳಕೆಯಲ್ಲಿದ್ದ ಮಾನವ ಆಕರ ಜೀನೋಮಿನ ಸುಮಾರು 70 ಶೇಕಡಾ ಭಾಗ ಅಮೆರಿಕದ ಒಬ್ಬನೇ ದಾನಿಯಿಂದ ಬಂದದ್ದು. ಆ ದಾನಿಯಲ್ಲಿ ಇಲ್ಲದ ಅನುಕ್ರಮವು ಮತ್ತೊಬ್ಬರಲ್ಲಿದ್ದರೆ ಅದಕ್ಕೆ ಹೊಂದಿಕೊಳ್ಳಲು ಆಕರದಲ್ಲಿ ಜಾಗವೇ ಇಲ್ಲ. 2022ರಲ್ಲಿ ಪ್ರಕಟವಾದ ಸಂಪೂರ್ಣ ಮಾನವ ಜೀನೋಮ್ ಹಳೆಯ ಆಕರದಲ್ಲಿ ಖಾಲಿ ಉಳಿದಿದ್ದ ಸುಮಾರು 20 ಕೋಟಿ ಅಕ್ಷರಗಳನ್ನು ತುಂಬಿತು. ಆದರೂ ಅದು ಒಂದೇ ಜೀನೋಮ್. 2023ರಲ್ಲಿ 47 ವ್ಯಕ್ತಿಗಳ ಜೀನೋಮ್‌ಗಳನ್ನು ಒಂದೇ ಜಾಲವಾಗಿ ಹೆಣೆದ ಮಾನವ ಪ್ಯಾನ್‌ಜೀನೋಮಿನ ಕರಡು ಬಂದಿತು. ಇಲ್ಲಿ ಆಕರವು ನೇರ ಗೆರೆಯಲ್ಲ, ಕವಲೊಡೆದು ಮತ್ತೆ ಕೂಡುವ ದಾರಿಗಳ ನಕ್ಷೆ. ನೇರ ಪಠ್ಯಕ್ಕಾಗಿ ಮೂವತ್ತು ವರ್ಷಗಳಲ್ಲಿ ರೂಪುಗೊಂಡ ಸೂಚಿಗಳು, ಹೊಂದಿಸುವ ಕ್ರಮಾವಳಿಗಳು, ಕಡತ ರೂಪಗಳು ಇಲ್ಲಿ ಹಾಗೆಯೇ ಬಳಕೆಗೆ ಬಾರವು. ಜಾಲದಲ್ಲಿ ಸುತ್ತುಗಳಿದ್ದಾಗ ತುಣುಕನ್ನು ಹೊಂದಿಸುವ ಸಮಸ್ಯೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ಚಿರಾಗ್ ಜೈನ್ ಅವರ ಗುಂಪು 2023ರಲ್ಲಿ 'ಪ್ಯಾನ್‌ಅಲೈನರ್' ಎಂಬ ತಂತ್ರಾಂಶವನ್ನು ರೂಪಿಸಿತು.

ಜೀನೋಮ್‌ಇಂಡಿಯಾ ಯೋಜನೆ

ಭಾರತೀಯರ ಹತ್ತು ಸಾವಿರ ಜೀನೋಮ್‌ಗಳನ್ನು ಓದುವ ಜೀನೋಮ್‌ಇಂಡಿಯಾ ಯೋಜನೆಯನ್ನು ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಆರಂಭಿಸಿತು. ಇಪ್ಪತ್ತು ಸಂಸ್ಥೆಗಳು ಸೇರಿದ್ದ ಈ ಯೋಜನೆಯ ಸಂಯೋಜನೆ ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರದ್ದಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಈ ಕೇಂದ್ರದ ವಿಜಯಲಕ್ಷ್ಮಿ ರವೀಂದ್ರನಾಥ್ ಹಾಗೂ ಗಣಕ ವಿಜ್ಞಾನದ ಪ್ರಾಧ್ಯಾಪಕ ವೈ. ನರಹರಿ ಯೋಜನೆಯನ್ನು ಮುನ್ನಡೆಸಿದವರಲ್ಲಿ ಪ್ರಮುಖರು. ಜೀವವಿಜ್ಞಾನದ ಯೋಜನೆಯೊಂದರ ಮುಂದಾಳುಗಳಲ್ಲಿ ಗಣಕ ವಿಜ್ಞಾನಿಯೊಬ್ಬರು ಇದ್ದದ್ದು ಕೆಲಸದ ಸ್ವರೂಪಕ್ಕೆ ತಕ್ಕದ್ದೇ ಆಗಿತ್ತು. ಅನುಕ್ರಮಣ ಬೆಂಗಳೂರು, ಹೈದರಾಬಾದ್, ದೆಹಲಿ, ಕಲ್ಯಾಣಿ ಮತ್ತು ಗಾಂಧಿನಗರಗಳಲ್ಲಿ ನಡೆಯಿತು. 10,074 ಜೀನೋಮ್‌ಗಳ ಅನುಕ್ರಮಣ ಮುಗಿದು, ಗುಣಮಟ್ಟದ ಪರೀಕ್ಷೆಯ ನಂತರ 9,772 ವ್ಯಕ್ತಿಗಳ ದತ್ತಾಂಶ ವಿಶ್ಲೇಷಣೆಗೆ ಉಳಿಯಿತು. ಅದರಲ್ಲಿ ಸುಮಾರು 18 ಕೋಟಿ ವ್ಯತ್ಯಾಸಗಳು ಕಂಡುಬಂದವು. 2025ರ ಜನವರಿ 9ರಂದು ದತ್ತಾಂಶವನ್ನು ಸಂಶೋಧಕರಿಗೆ ತೆರೆಯಲಾಯಿತು.

ಐದು ಊರುಗಳಲ್ಲಿ ಓದಿದ ದತ್ತಾಂಶವನ್ನು ಒಂದಾಗಿ ನೋಡುವಾಗ ಎರಡು ತೊಡಕುಗಳು ಬರುತ್ತವೆ. ಮೊದಲನೆಯದು ಏಕರೂಪತೆ. ಒಂದು ಪ್ರಯೋಗಾಲಯದ ರಾಸಾಯನಿಕಗಳಿಂದ ಅಥವಾ ಯಂತ್ರದಿಂದ ಬಂದ ವಿಶಿಷ್ಟ ತಪ್ಪು, ಆ ಪ್ರಯೋಗಾಲಯದಲ್ಲಿ ಓದಿದ ಸಮುದಾಯದ ಗುಣವೆಂದು ಭ್ರಮೆ ಹುಟ್ಟಿಸಬಹುದು. ಎಲ್ಲ ಮಾದರಿಗಳನ್ನೂ ಒಂದೇ ತಂತ್ರಾಂಶದ ಒಂದೇ ಆವೃತ್ತಿಯಿಂದ ಹಾಯಿಸುವುದು ಇದಕ್ಕೆ ಭಾಗಶಃ ಪರಿಹಾರ. ಎರಡನೆಯದು ಒಟ್ಟು ಪಟ್ಟಿಯ ಗಾತ್ರ. ಒಂದು ವ್ಯತ್ಯಾಸ ಅಪರೂಪವೇ ಎಂದು ಹೇಳಲು ಅದು ಉಳಿದವರಲ್ಲಿ ಇಲ್ಲ ಎಂಬುದೂ ಗೊತ್ತಿರಬೇಕು. 'ಇಲ್ಲ' ಎಂಬುದಕ್ಕೂ 'ಆ ಜಾಗ ಸರಿಯಾಗಿ ಓದಿಲ್ಲ' ಎಂಬುದಕ್ಕೂ ವ್ಯತ್ಯಾಸ ಮಾಡಬೇಕು. 9,772 ವ್ಯಕ್ತಿಗಳನ್ನೂ 18 ಕೋಟಿ ಸ್ಥಾನಗಳನ್ನೂ ಗುಣಿಸಿದರೆ 1.76 ಲಕ್ಷ ಕೋಟಿ ಮನೆಗಳ ಕೋಷ್ಟಕವಾಗುತ್ತದೆ. ಹೊಸದಾಗಿ ಒಬ್ಬರನ್ನು ಸೇರಿಸಿದಾಗ ಇಡೀ ಕೋಷ್ಟಕವನ್ನು ಮತ್ತೆ ಲೆಕ್ಕ ಮಾಡುವ ಪ್ರಮೇಯ ತಪ್ಪಿಸಲು ಪ್ರತಿ ವ್ಯಕ್ತಿಗೂ ಮಧ್ಯಂತರ ಕಡತವೊಂದನ್ನು ಸಿದ್ಧವಾಗಿಡುವ ಪದ್ಧತಿ ಬಂದಿದೆ.

ಯೋಜನೆಯ ಒಟ್ಟು ದತ್ತಾಂಶ ಸುಮಾರು 8 ಪೆಟಾಬೈಟ್. ಇದನ್ನು ಇಡುವ ಸ್ಥಳ ಹರಿಯಾಣದ ಫರೀದಾಬಾದಿನಲ್ಲಿರುವ ಭಾರತೀಯ ಜೈವಿಕ ದತ್ತಾಂಶ ಕೇಂದ್ರ. 2022ರ ನವೆಂಬರ್‌ನಲ್ಲಿ ಲೋಕಾರ್ಪಣೆಯಾದಾಗ ಈ ಕೇಂದ್ರದ ಸಂಗ್ರಹ ಸಾಮರ್ಥ್ಯ ಸುಮಾರು 4 ಪೆಟಾಬೈಟ್ ಇತ್ತು. ಒಂದೇ ಯೋಜನೆ ಅದರ ಇಮ್ಮಡಿಯನ್ನು ಕೇಳಿತು. ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಸಂಪರ್ಕದಲ್ಲಿ 8 ಪೆಟಾಬೈಟನ್ನು ಕಳುಹಿಸಲು, ಒಂದು ಕ್ಷಣವೂ ನಿಲ್ಲದಿದ್ದರೆ, ಸುಮಾರು 740 ದಿನಗಳು ಬೇಕು. ಆದ್ದರಿಂದಲೇ ದತ್ತಾಂಶವನ್ನು ಸಂಶೋಧಕರ ಬಳಿಗೆ ಒಯ್ಯುವ ಬದಲು ಸಂಶೋಧಕರ ತಂತ್ರಾಂಶವನ್ನು ದತ್ತಾಂಶದ ಬಳಿಗೆ ತರುವ ವ್ಯವಸ್ಥೆಗಳತ್ತ ಜಗತ್ತಿನ ಎಲ್ಲ ದೊಡ್ಡ ಯೋಜನೆಗಳೂ ಸಾಗುತ್ತಿವೆ.

ಯಂತ್ರಾಂಶ

ಸೂಪರ್ ಕಂಪ್ಯೂಟರ್ ಇದ್ದರೆ ಎಲ್ಲವೂ ಬಗೆಹರಿಯುತ್ತದೆ ಎಂಬುದು ತಪ್ಪು ತಿಳುವಳಿಕೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ 'ಸಹಸ್ರಟಿ', 2022ರಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಮ್ ಪ್ರವೇಗ' ಸ್ಥಾಪನೆಯಾದವು. ಪೆಟಾಫ್ಲಾಪ್ ಎನ್ನುವುದು ದಶಮಾಂಶ ಸಂಖ್ಯೆಗಳ ಕೂಡುವ ಗುಣಿಸುವ ವೇಗದ ಅಳತೆ. ಹವಾಮಾನ ಮುನ್ಸೂಚನೆಗೆ ಬೇಕಾದ ಲೆಕ್ಕ ಅಂಥದ್ದು. ಜೀನೋಮಿನ ಸೂಚಿಯಲ್ಲಿ ಹುಡುಕುವಾಗ ಗುಣಾಕಾರ ಕಡಿಮೆ. ಮೆಮೊರಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಜಿಗಿಯುವುದೇ ಹೆಚ್ಚು. ಪ್ರತಿ ಜಿಗಿತಕ್ಕೂ ಪ್ರೊಸೆಸರ್ ಕೆಲಸವಿಲ್ಲದೆ ಕಾಯುತ್ತದೆ. ಆದ್ದರಿಂದ ಜೋಡಣೆಯ ಕೆಲಸಕ್ಕೆ ಅತಿ ವೇಗದ ಯಂತ್ರಕ್ಕಿಂತ ಒಂದೇ ಕಡೆ ಒಂದೆರಡು ಟೆರಾಬೈಟ್ ಮೆಮೊರಿ ಇರುವ ಯಂತ್ರ ಹೆಚ್ಚು ಉಪಯುಕ್ತ. ಇನ್ನೊಂದೆಡೆ ಹೊಂದಿಸುವಿಕೆಯ ಚೌಕ ತುಂಬುವ ಭಾಗವನ್ನು ಗ್ರಾಫಿಕ್ಸ್ ಪ್ರೊಸೆಸರ್‌ಗಳಲ್ಲಿ ಅಥವಾ ಅದಕ್ಕೆಂದೇ ರೂಪಿಸಿದ ಚಿಪ್‌ಗಳಲ್ಲಿ ಮಾಡಿ, ಒಂದು ದಿನ ಹಿಡಿಯುತ್ತಿದ್ದ ವಿಶ್ಲೇಷಣೆಯನ್ನು ಗಂಟೆಯೊಳಗೆ ಮುಗಿಸುವುದು ಸಾಧ್ಯವಾಗಿದೆ. ನ್ಯಾನೋಪೋರ್ ಯಂತ್ರಗಳಲ್ಲಂತೂ ಅಕ್ಷರ ಓದುವುದೇ ಒಂದು ಗಣನೆ: ರಂಧ್ರದ ಮೂಲಕ ಡಿಎನ್‌ಎ ಹಾಯುವಾಗ ವಿದ್ಯುತ್ ಪ್ರವಾಹದಲ್ಲಾಗುವ ಏರಿಳಿತವನ್ನು ನರಜಾಲವೊಂದು ಅಕ್ಷರಗಳಾಗಿ ಅನುವಾದಿಸುತ್ತದೆ.

ತಂತ್ರಾಂಶದ ಉದ್ಯಮದಲ್ಲಿ ಬೆಂಗಳೂರು ಬೇಗನೆ ಕಾಲಿಟ್ಟಿತು. ವಿಜಯ್ ಚಂದ್ರು ಮತ್ತು ಸಹೋದ್ಯೋಗಿ ಪ್ರಾಧ್ಯಾಪಕರು 2000ದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಆರಂಭಿಸಿದ ಸ್ಟ್ರಾಂಡ್ ಕಂಪನಿ 'ಅವದಿಸ್' ಹೆಸರಿನ ವಿಶ್ಲೇಷಣಾ ತಂತ್ರಾಂಶವನ್ನು ರೂಪಿಸಿತು.

ಸಾಂಕ್ರಾಮಿಕದ ಕಾಲದಲ್ಲಿ

ಕೊರೋನಾ ವೈರಾಣುವಿನ ಜೀನೋಮ್ ಕೇವಲ ಸುಮಾರು 29,900 ಅಕ್ಷರಗಳದ್ದು. ಇಲ್ಲಿ ಜೋಡಣೆ ಸಮಸ್ಯೆಯಲ್ಲ, ಸಂಖ್ಯೆ ಸಮಸ್ಯೆ. 2020ರ ಡಿಸೆಂಬರ್‌ನಲ್ಲಿ ರಚನೆಯಾದ ರಾಷ್ಟ್ರೀಯ ಅನುಕ್ರಮಣ ಒಕ್ಕೂಟದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಹ ಇತ್ತು. ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿ ದೃಢಪಟ್ಟ ಸುದ್ದಿ 2021ರ ಡಿಸೆಂಬರ್ 2ರಂದು ಪ್ರಕಟವಾಯಿತು. ಒಂದು ಮಾದರಿ ಯಾವ ಕವಲಿಗೆ ಸೇರಿದ್ದು ಎಂದು ತಿಳಿಯಲು ವಂಶವೃಕ್ಷ ಬೇಕು. ಹತ್ತು ಮಾದರಿಗಳನ್ನು ಜೋಡಿಸಬಹುದಾದ ಬೇರಿಲ್ಲದ ವೃಕ್ಷಗಳ ಸಂಖ್ಯೆ 20,27,025. ಇಪ್ಪತ್ತು ಮಾದರಿಗಳಾದರೆ ಅದು 22ರ ಮುಂದೆ 19 ಸೊನ್ನೆಗಳಷ್ಟಾಗುತ್ತದೆ. ಲಕ್ಷಾಂತರ ಮಾದರಿಗಳಿಗೆ ಪ್ರತಿದಿನ ಹೊಸ ವೃಕ್ಷ ಕಟ್ಟುವುದು ಆಗದ ಮಾತು. 2021ರಲ್ಲಿ ಪ್ರಕಟವಾದ 'ಅಶರ್' ತಂತ್ರಾಂಶ ಇರುವ ವೃಕ್ಷವನ್ನು ಮುಟ್ಟದೆ ಹೊಸ ಮಾದರಿಗೆ ಸೂಕ್ತ ಕೊಂಬೆಯನ್ನಷ್ಟೇ ಹುಡುಕುವ ದಾರಿ ಹಿಡಿಯಿತು.

ಗೋಪ್ಯತೆ

ಹೆಸರು, ವಿಳಾಸ ಅಳಿಸಿದ ಮಾತ್ರಕ್ಕೆ ಜೀನೋಮ್ ಅನಾಮಧೇಯವಾಗುವುದಿಲ್ಲ. ಸಮೂಹದ ಸರಾಸರಿ ಅಂಕಿಗಳಿಂದಲೇ ನಿರ್ದಿಷ್ಟ ವ್ಯಕ್ತಿ ಆ ಸಮೂಹದಲ್ಲಿದ್ದನೇ ಎಂದು ಹೇಳಬಹುದೆಂದು 2008ರಲ್ಲಿ, ಅಂತರಜಾಲದ ವಂಶಾವಳಿ ದಾಖಲೆಗಳ ನೆರವಿನಿಂದ ದಾನಿಗಳ ಮನೆತನದ ಹೆಸರನ್ನು ಊಹಿಸಬಹುದೆಂದು 2013ರಲ್ಲಿ ಸಂಶೋಧಕರು ತೋರಿಸಿದರು. ಒಳವಿವಾಹ ಪದ್ಧತಿಯ ಚಿಕ್ಕ ಸಮುದಾಯಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಒಬ್ಬರ ಜೀನೋಮ್ ಒಪ್ಪಿಗೆ ಕೊಡದ ನೆಂಟರ ಬಗೆಗೂ ಮಾಹಿತಿ ಕೊಡುತ್ತದೆ. ಜೀನೋಮ್‌ಇಂಡಿಯಾ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತಿಲ್ಲ. ಸಂಶೋಧಕರು ಪ್ರಸ್ತಾವನೆ ಸಲ್ಲಿಸಿ ಅನುಮತಿ ಪಡೆಯಬೇಕು. ದತ್ತಾಂಶವನ್ನು ಬಿಡಿಸದೆ ಗೂಢಲಿಪಿಯಲ್ಲಿರುವಾಗಲೇ ಅದರ ಮೇಲೆ ಲೆಕ್ಕ ಮಾಡುವ ಹೋಮೋಮಾರ್ಫಿಕ್ ಗೂಢಲೇಖನ ತಾತ್ವಿಕವಾಗಿ ಸಾಧ್ಯವಾಗಿದೆ. ಆದರೆ ಅದು ಲೆಕ್ಕವನ್ನು ಸಾವಿರಾರು ಪಟ್ಟು ನಿಧಾನಗೊಳಿಸುತ್ತದೆಯಾದ್ದರಿಂದ ಇಡೀ ಜೀನೋಮಿನ ವಿಶ್ಲೇಷಣೆಯಲ್ಲಿ ಇನ್ನೂ ಸಾಮಾನ್ಯ ಬಳಕೆಗೆ ಬಂದಿಲ್ಲ.